ಬಣ್ಣ, ಜೀವಂತವಾಗಿದ್ದಾಗ

ಸ್ಪಿರಿಟ್ಟಿನ ವಾಸನೆ, ಮುಚ್ಚಳವನ್ನು ಎಷ್ಟು ಬಿಗಿದರೂ ನುಸುಳಿ ಬರುವ ಆ ತಣ್ಣನೆಯ ವಾಸನೆ, ಬೆಳಗಿನ ಬೆಳಕು ಹೆಬ್ಬೆರಳುದ್ದದ ಗಾಜಿನ ಬಾಟಲಿಯನ್ನು ಹೊಕ್ಕು ತಳದಲ್ಲಿ ಮುದುಡಿದ ಜೇಡದ ಮೇಲೆ ನಿಂತಿದೆ, ಅಕ್ಕಿಕಾಳಿನಷ್ಟು ಮೈ, ಎಂಟೂ ಕಾಲುಗಳು ಒಳಕ್ಕೆ ಮಡಚಿ ಮುಷ್ಟಿಯಾಗಿವೆ, ಎಡಗಡೆಯ ಮುಂಗಾಲೂ ಸಹ, ಅಂದು ಅದೊಂದೇ ಮೇಲೆದ್ದಿತ್ತು, ಗಾಳಿಯನ್ನು ಏನೋ ಕೇಳುವಂತೆ — ಇವರು ಭೂತಗನ್ನಡಿಯನ್ನು ಕೆಳಗಿಟ್ಟರು, ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಎತ್ತಿಕೊಂಡರು, ಗಾಜು ಒರೆಸಿದರೆ ಬಣ್ಣ ಬರುತ್ತದೆಯೇ, ನಲವತ್ತೆರಡು ವರ್ಷ ಜೇಡಗಳನ್ನೇ ವರ್ಣಿಸಿಕೊಂಡು ಬಂದ ಕೈಗೆ ಇಷ್ಟೂ ತಿಳಿಯದೇ, ಅಳತೆ ಬರೆದಾಗಿದೆ, ಎಂಟು ಕಣ್ಣುಗಳ ಎರಡು ಸಾಲು ಬರೆದಾಗಿದೆ, ಕಾಲಿನ ಮುಳ್ಳುಗಳನ್ನು ಮೂರು ಸಲ ಎಣಿಸಿದ್ದಾಗಿದೆ, ಬೇರೆ ಸಂಗ್ರಹಾಲಯಗಳಿಗೆ ಬರೆದ ಪತ್ರಗಳಿಗೆಲ್ಲ ಒಂದೇ ಉತ್ತರ, ಇಂಥದ್ದು ನಮ್ಮಲ್ಲಿಲ್ಲ, ಎಂದರೆ ಲೋಕಕ್ಕೆ ಇದು ಹೊಸದು, ಆ ದಟ್ಟ ಕಾಡಿನಲ್ಲಿ ನಮ್ಮ ಅಪ್ಪಣೆಗೆ ಕಾಯದೆ ಯುಗಯುಗಗಳಿಂದ ಬದುಕಿದ್ದರೂ ಹೊಸದು, ಹದಿನೇಳು ಪುಟ ತುಂಬಿ ಉಳಿದದ್ದು ಒಂದೇ ಸಾಲು — ಬಣ್ಣ, ಜೀವಂತವಾಗಿದ್ದಾಗ — ಅದರ ಮುಂದೆ 'ಕಂದು' ಎಂದು ಬರೆದು ಹೊಡೆದು ಹಾಕಿದ ಗೀಟು. ಸಂಗ್ರಹಾಲಯದ ಈಗಿನ ಮುಖ್ಯಸ್ಥೆ, ಒಂದು ಕಾಲದ ಇವರ ಶಿಷ್ಯೆ, ಬೆಳಿಗ್ಗೆಯೇ ಫೋನು ಮಾಡಿದ್ದಳು, ಸರ್ ಅದೊಂದು ಸಾಲು ಬಂದರೆ ಸಂಜೆಗೆ ಅಚ್ಚಿಗೆ ಕಳಿಸಿಬಿಡ್ತೀನಿ, ನಿಮ್ಮ ಬಣ್ಣದ ಸಾಲುಗಳನ್ನ ಈಗಲೂ ತರಗತೀಲಿ ಓದಿ ಹೇಳ್ತೀನಿ ಸರ್, ಎಲ್ಲರೂ ಬರೀ ಹಳದಿ ಅಂತ ಬರೀತಾರೆ, ನೀವು ಹೊಸ ಹಗ್ಗದ ಹಳದಿ ಅಂತೀರಿ, ಹಾಲು ಉಕ್ಕಿ ಸೀದ ಅಂಚು ಅಂತೀರಿ, ಆ ಕಣ್ಣು ಎಲ್ಲಿಂದ ಬರಬೇಕು ಸರ್ — ಎಲ್ಲಿಂದ ಬರಬೇಕು, ಅಡುಗೆಮನೆಯಿಂದ, ಅಲ್ಲಿ ಈಗ ಪಾತ್ರೆಯೊಂದು ಸದ್ದು ಮಾಡುತ್ತಿದೆ, ಆ ಕಣ್ಣು ಅಲ್ಲಿದೆ, ಇವರು ಬರೀ ಕೈ.

ಮದುವೆಯಾಗಿ ಮೂರನೆಯ ವಾರ, ಮಾರುಕಟ್ಟೆಯಲ್ಲಿ ಆರಿಸಿ ಆರಿಸಿ ತಂದ ಟೊಮೆಟೊ ಹಣ್ಣುಗಳನ್ನು ಮೇಜಿನ ಮೇಲೆ ಸುರಿದು ಹೊಗಳಿಕೆಗೆ ಕಾದು ನಿಂತಿದ್ದರು, ಆಕೆ ಒಂದೊಂದನ್ನೇ ತಿರುಗಿಸಿ ನೋಡಿ, ಇವು ಹಣ್ಣಾಗೋ ಹೊತ್ತಿಗೆ ನಮಗೆ ಮೊಮ್ಮಕ್ಕಳಾಗಿರ್ತಾರೆ ರೀ ಎಂದಳು, ನಕ್ಕಳು, ನಗು ಅರ್ಧಕ್ಕೆ ನಿಲ್ಲಿಸಿ ಇವರ ಮುಖ ನೋಡಿದಳು, ಕೆಂಪು ರವಿಕೆ ತಂದಳು, ಹಸಿರು ರವಿಕೆ ತಂದಳು, ಕಂದು ಚೀಲ ತಂದಳು, ಇದು ಯಾವುದು, ಇದು ಯಾವುದು, ಇವರು ತಪ್ಪುತ್ತ ಹೋದರು, ಜೇಡ ವರ್ಣಿಸುವ ಕೆಲಸಕ್ಕೆ ಸೇರಿ ಆಗಿನ್ನೂ ಎರಡು ತಿಂಗಳು, ಆಕೆ ಬಟ್ಟೆಗಳನ್ನು ಮಡಚಿಟ್ಟು ಅಷ್ಟೇ ತಾನೇ, ನಾನು ನೋಡ್ತೀನಿ, ನೀವು ಬರೀರಿ ಎಂದಳು, ಅಷ್ಟೇ, ಯಾರಿಗೂ ಹೇಳಬೇಡ ಎಂದು ಇವರು ಬೇಡಿಕೊಳ್ಳಲಿಲ್ಲ, ಆಕೆ ಹೇಳಲೂ ಇಲ್ಲ. ಅಂದಿನಿಂದ ಮನೆಯ ಕಟ್ಟಳೆ ಅದು, ಮೊದಲು ಬಣ್ಣ, ಆಮೇಲೆ ಸ್ಪಿರಿಟ್ಟು, ಏಕೆಂದರೆ ಸ್ಪಿರಿಟ್ಟು ಎಲ್ಲವನ್ನೂ ಉಳಿಸಿ ಬಣ್ಣವನ್ನು ಕುಡಿದುಬಿಡುತ್ತದೆ, ಹಸಿರಿರಲಿ ಕಂದಿರಲಿ ವಾರದೊಳಗೆ ಒಣಹುಲ್ಲು, ಅದಕ್ಕೇ ಜೀವವಿರುವಾಗಲೇ ಬಾಟಲಿಯನ್ನು ಆಕೆಯ ಮುಖದ ಹತ್ತಿರ ಹಿಡಿಯುವುದು, ಆಕೆ ಹೇಳುವುದು, ಇವರು ಗೀಚಿಕೊಳ್ಳುವುದು, ಒಮ್ಮೆ ಮಗುವಿನ ಉಗುರಿನಡಿಯ ಕೆಂಪು ಎಂದಿದ್ದಳು, ಆಗ ಮಗಳು ತೊಟ್ಟಿಲಲ್ಲಿದ್ದಳು, ಇವರು ಹೋಗಿ ಮಲಗಿದ್ದ ಮಗಳ ಬೆರಳು ಹಿಡಿದು ನೋಡಿದರು, ಏನೂ ಕಾಣಲಿಲ್ಲ, ಆದರೂ ಆ ಮಾತು ಕಂಡಿತು, ಬಣ್ಣಗಳೆಂದರೆ ಇವರಿಗೆ ಆಕೆಯ ಬಾಯಿಂದ ಬಂದ ಮಾತುಗಳು, ಕವಿತೆ ಓದಿದ್ದೂ ಹಾಗೆಯೇ, ಕಾಣದ್ದನ್ನು ಕಿವಿಯಿಂದ ನಂಬಿ.

ಆ ಶಾಲು. ಈ ಜೇಡ ಸಿಕ್ಕ ಬೆಳಿಗ್ಗೆ, ಕಾಡಂಚಿನ ವಿಶ್ರಾಂತಿಗೃಹದ ಜಗುಲಿ, ಮಂಜು ಇನ್ನೂ ಎದ್ದಿರಲಿಲ್ಲ, ಆಕೆ ಶಾಲು ಹೊದ್ದು ಚಹಾ ಹಿಡಿದು ಕೂತಿದ್ದಳು, ಎಳೆ ಎದ್ದಿದೆ ನೋಡಿ, ಎಷ್ಟು ವರ್ಷದ ಶಾಲು, ಎನ್ನುತ್ತ ಕಿತ್ತುಹಾಕಲು ಎರಡು ಬೆರಳು ತಂದಳು, ಎಳೆ ಬಾಗಿತು, ಬೆರಳು ನಿಂತಿತು, ರೀ, ಅಲ್ಲಾಡಬೇಡಿ, ಅಲ್ಲ, ನಾನು ಅಲ್ಲಾಡಬಾರದು, ಎಡಗಡೆಯ ಮುಂಗಾಲೊಂದು ಗಾಳಿಯಲ್ಲಿ, ಉಳಿದದ್ದೆಲ್ಲ ಶಾಲೇ, ಮೈ ಎಲ್ಲಿ ಮುಗಿದು ಉಣ್ಣೆ ಎಲ್ಲಿ ಶುರುವೋ ಆಕೆಗೂ ತಿಳಿಯಲಿಲ್ಲ, ಬಣ್ಣ ಹೇಳು ಎಂದರು, ಕಂದು ರೀ, ಇನ್ನೇನು, ನನ್ನ ಶಾಲಿನ ಕಂದೇ. ಬರೆದುಕೊಂಡರು. ಆಮೇಲೆ ಸ್ಪಿರಿಟ್ಟು. ಎಲ್ಲವೂ ಕಟ್ಟಳೆಯಂತೆಯೇ ನಡೆದಿತ್ತು, ಇಂಥ ಇನ್ನೊಂದು ಜೇಡ ಹದಿನೈದು ದಿನ ಹುಡುಕಿದರೂ ಸಿಗಲಿಲ್ಲ, ಎಂಟು ದಿನದ ಹಿಂದೆ ಆಕೆಯ ಬಲಗಣ್ಣಿನ ಪೊರೆ ತೆಗೆದರು, ಪಟ್ಟಿ ಬಿಚ್ಚಿದ ಕೂಡಲೇ ಆಕೆ ಆಸ್ಪತ್ರೆಯ ಗೋಡೆಯನ್ನು ನೋಡಿ, ಅಯ್ಯೋ, ಇದು ಬಿಳಿನಾ, ನಾನು ಕೆನೆಬಣ್ಣ ಅಂದ್ಕೊಂಡಿದ್ದೆ ಎಂದಳು, ವೈದ್ಯರು ನಕ್ಕು, ಪೊರೆ ಅಂದರೆ ಹಳೇ ಹಳದಿ ಗಾಜು ಅಮ್ಮ, ಅದರ ಹಿಂದೆ ಕೂತವರಿಗೆ ಗೊತ್ತಾಗಲ್ಲ ಎಂದರು, ಎಲ್ಲರೂ ನಕ್ಕರು, ಇವರಿಗೆ ಶಾಲು ನೆನಪಾಯಿತು — ಅದನ್ನು ಆಕೆ ಎಷ್ಟೋ ವರ್ಷ ಹಸಿರು ಎನ್ನುತ್ತಿದ್ದಳಲ್ಲ, ಅಂಗಡಿಯಲ್ಲಿ ಕಂದು ಎಂದುಕೊಂಡೇ ಇವರು ಕೊಂಡು ತಂದಾಗ, ಹಸಿರು ತಂದಿದ್ದೀರಿ, ಪರವಾಗಿಲ್ಲ, ತಪ್ಪಿ ತಂದದ್ದೇ ಚೆನ್ನಾಗಿದೆ ಎಂದಿದ್ದಳಲ್ಲ, ಈ ಮೂರು ವರ್ಷದಿಂದಷ್ಟೇ ಅದು ಕಂದಾದದ್ದು, ಒಗೆದೂ ಒಗೆದೂ ಹೀಗಾಯ್ತು ಎಂದು ಆಕೆಯೇ ಅಂದದ್ದು, ಇವರು ಹೂಂಗುಟ್ಟಿದ್ದು. ಮೂರು ವರ್ಷದಲ್ಲಿ ಇನ್ನೆರಡು ಜೇಡಗಳೂ ಕಂದು ಎಂದು ಅಚ್ಚಾಗಿ ಕೂತಿವೆ. ಕೇಳಿದರೆ ಒಂದು ಮಾತಿನ ಕೆಲಸ, ಕೇಳುವುದೆಂದರೆ ನಿನ್ನ ಕಣ್ಣು ತಪ್ಪಿತ್ತು ಎಂದು ಹೇಳಿದಂತೆ, ತನ್ನ ಅಡುಗೆಯನ್ನೂ ಹಾಡನ್ನೂ ಸದಾ ತಾನೇ ಗೇಲಿ ಮಾಡಿಕೊಳ್ಳುವವಳು ಇದೊಂದರಲ್ಲಿ ಮಾತ್ರ ತಲೆ ಎತ್ತಿ ನಿಲ್ಲುತ್ತಿದ್ದಳು, ನನ್ನ ಕಣ್ಣಿಲ್ಲದಿದ್ದರೆ ನಿಮ್ಮ ಜೇಡಗಳೆಲ್ಲ ಬೂದಿ — ಹೌದು, ಬೂದಿ, ಹಾಗಾದರೆ ಬರೀ ಕಂದು ಎಂದು ಬಿಟ್ಟುಬಿಡಲೇ, ಯಾರಿಗೆ ತಿಳಿದೀತು, ಸ್ಪಿರಿಟ್ಟು ಸಾಕ್ಷಿ ಹೇಳುವುದಿಲ್ಲ, ಮುಂದೆ ಯಾರೋ ಅದೇ ಕಾಡಿಗೆ ಹೋಗಿ ಕಂದು ಜೇಡ ಹುಡುಕುತ್ತ ಹುಡುಕುತ್ತ ಹಸಿರೆಲೆಯ ಮೇಲೆ ಕೂತ ಇದನ್ನು ದಾಟಿ ಹೋಗುತ್ತಾರೆ, ಅಷ್ಟೇ, ಅದು ಮುಂಗಾಲು ಎತ್ತಿದರೂ ಎಳೆ ಎಂದುಕೊಂಡು.

ಆಕೆ ಆಗಲೇ ಬಂದು ನಿಂತಿದ್ದಾಳೆ, ಕಪ್ಪು ಕನ್ನಡಕ ಹಣೆಗೇರಿಸಿ, ಎಷ್ಟು ಹೊತ್ತಿನಿಂದಲೋ, ಹೊಡೆದು ಹಾಕಿದ ಗೀಟನ್ನು ನೋಡುತ್ತಿದ್ದಾಳೆ. ನನ್ನನ್ನ ಕೇಳೋಕೆ ಎಂಟು ದಿನ ಬೇಕಾಯ್ತಾ ಎಂದಳು. ಇವರು ಏನೋ ಹೇಳಲು ಹೋದರು, ಸ್ಪಿರಿಟ್ಟಿನ ವಿಷಯ, ಬೆಳಕಿನ ವಿಷಯ. ಸುಮ್ಮನಿರಿ, ಟೊಮೆಟೊ ತಂದ ದಿನದ ಮುಖವೇ ಇದು ಎಂದು ಒಳಗೆ ಹೋಗಿ ಶಾಲು ತಂದಳು, ಕಿಟಕಿಗೆ ಅಡ್ಡ ತೂಗುಹಾಕಿದಳು, ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ ನೋಡಿದಳು, ಕಂದು ಎಂದಳು, ಕೈ ಬದಲಿಸಿ ಎಡಗಣ್ಣು ಮುಚ್ಚಿದಳು, ಮತ್ತೆ ಬಲ, ಮತ್ತೆ ಎಡ, ಎರಡು ಕಣ್ಣಿನ ಎರಡು ಶಾಲುಗಳ ನಡುವೆ ಓಡಾಡುತ್ತಿದ್ದಳು, ಹಸಿರು ರೀ ಎಂದಳು, ನೆಲ ಸೀಳಿ ಮೊದಲ ಬಿಸಿಲು ಕಂಡ ಚಿಗುರಿನ ಹಸಿರು, ಒಂಚೂರೂ ಮಾಸಿಲ್ಲ, ಪಾಪ, ಮೂರು ವರ್ಷ ಸುಮ್ಮನೆ ಬೈದೆ ಇದನ್ನ. ಆಮೇಲೆ, ಆ ಎರಡು ಜೇಡಗಳಿಗೆ ತಿದ್ದುಪಡಿ ಕಳಿಸಿ, ತಪ್ಪು ನನ್ನದು ಅಂತ ಬರೀರಿ ಎಂದಳು. ನಲವತ್ತೆರಡು ವರ್ಷದಲ್ಲಿ ಆಕೆಯ ಹೆಸರು ಅಚ್ಚಿನಲ್ಲಿ ಎಲ್ಲೂ ಇಲ್ಲ, ಮೊದಲ ಸಲ ಬರುವುದು ತಪ್ಪಿನ ಪಕ್ಕದಲ್ಲೇ ಆಗಬೇಕೇ, ಇಲ್ಲ, ಇವರ ಕೈ ಪೆನ್ನು ಹಿಡಿಯಿತು, ಬಣ್ಣ, ಜೀವಂತವಾಗಿದ್ದಾಗ, ಚಿಗುರಿನ ಹಸಿರು, ಈ ಲೇಖಕನಿಗೆ ಹಸಿರೂ ಕೆಂಪೂ ಕಾಣುವುದಿಲ್ಲ, ಇದನ್ನೂ ಈ ಹಿಂದಿನ ಎಲ್ಲ ಬಣ್ಣಗಳನ್ನೂ ನೋಡಿದವಳು — ಆಕೆಯ ಹೆಸರು ಬರೆದರು, ಪೂರ್ತಿ ಬರೆದರು, ಆಕೆ ಭುಜದ ಮೇಲಿಂದ ಬಗ್ಗಿ ಓದಿ, ಈ ವಯಸ್ಸಲ್ಲಿ ಬೇಕಿತ್ತಾ ನಿಮಗೆ ಮರ್ಯಾದೆ ಕಳ್ಕೊಳ್ಳೋದು ಎಂದಳು, ಭುಜದ ಮೇಲಿನ ಕೈ ಮಾತ್ರ ಬಿಗಿಯಾಯಿತು, ಇವರು ಕಿಟಕಿಯಲ್ಲಿ ತೂಗುತ್ತಿದ್ದ ಶಾಲನ್ನು ನೋಡಿದರು, ಹಸಿರು, ಹಸಿರು ಎಂದುಕೊಂಡು ನೋಡಿದರು, ಬಣ್ಣವೇನೂ ಬರಲಿಲ್ಲ, ಬರೀ ಶಾಲು, ಅದರ ಮೇಲೆ ಗಾಳಿಯಲ್ಲಿ ಎತ್ತಿ ಹಿಡಿದ ಒಂದು ಮುಂಗಾಲು, ಎಳೆಯಂಥ ಮುಂಗಾಲು, ಕಿತ್ತುಹಾಕಲು ಬಂದು ನಿಂತ ಎರಡು ಬೆರಳು, ಎತ್ತಿದ ಮುಂಗಾಲು —