ನಮ್ಮ ಗುಡ್ಡ ಬೋಳಲ್ಲ

ಜಾವಳಿ ಕಡೆಯ ನಮ್ಮೂರಿನಲ್ಲಿ ಅಬ್ಬಿ ನೀರೆಂದರೆ ಎಲ್ಲರಿಗೂ ಸ್ವಲ್ಪ ಜಂಬ. ಮೋಟಾರು ಬೇಡ, ಕರೆಂಟು ಬೇಡ. ಗುಡ್ಡದ ಒರತೆಯಲ್ಲಿ ಹುಟ್ಟುವ ನೀರು ಪೈಪಿನಲ್ಲಿ ತಾನೇ ಇಳಿದು ಮನೆ ಮನೆಯ ನಲ್ಲಿಗೆ ಬರುತ್ತದೆ. ಹೋಂಸ್ಟೇ ನಡೆಸುವ ಏಕಾಂತಪ್ಪನವರಂತೂ ಬಂದ ಅತಿಥಿಗಳಿಗೆ ಕಾಫಿಗಿಂತ ಮೊದಲು ಆ ನೀರನ್ನೇ ಕಾಯಿಸಿ ಆರಿಸಿ ಕೊಟ್ಟು, ಅವರು ತಲೆದೂಗುವ ತನಕ ಎದುರಿಗೇ ನಿಂತಿರುತ್ತಿದ್ದರು.

ಎರಡು ವರ್ಷದ ಹಿಂದೆ, ಮೇ ತಿಂಗಳ ಮಳೆ ಜೋರಾಗಿ ಸುರಿದ ಮಾರನೆಯ ದಿನ, ಸ್ನಾನಕ್ಕೆ ಹೋದ ಮೈಸೂರಿನ ಅತಿಥಿಯೊಬ್ಬರು ಹೋದ ಹಾಗೇ ಹೊರಗೆ ಬಂದರು. ಬಕೆಟ್ಟಿನ ತುಂಬ ಕೆಂಪು ನೀರು! ಏಕಾಂತಪ್ಪನವರು ತಲೆ ತಗ್ಗಿಸುವಂತಾಯಿತು.

“ಹಂದಿ ಪೈಪು ಕಿತ್ತಿರ್ಬೇಕು,” ಎಂದರು.

“ಪಾಪ, ಹಂದಿ ಏನ್ ಮಾಡ್ತು? ಹೋದ ಮಳೆಗಾಲಾನೂ ಹೀಗೇ ಆಯ್ತು. ಬೇಸಿಗೇಲಿ ನೀರೇ ಸಣ್ಣ ಆಗ್ತಾ ಇದೆ. ಮೇಲೆ ಹೋಗಿ ನೋಡ್ಬಾರ್ದಾ?” ಎಂದರು ಹೆಂಡತಿ ಪ್ರೇಮಕುಮಾರಿ.

ಪ್ರೇಮಕುಮಾರಿಯವರ ಅಣ್ಣನ ಮಗಳು ಸೌಜನ್ಯ ಆಗ ಮನೆಗೆ ಬಂದಿದ್ದಳು. ಮೂಡಿಗೆರೆಯಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಾಳೆ. ಮಳೆ ಬಿಟ್ಟ ಬೆಳಿಗ್ಗೆ ಮೂವರೂ ಅರುಣನ ಜೀಪು ಹತ್ತಿದರು. ಅರುಣ ನಮ್ಮೂರಿನ ತಂಗಮ್ಮನ ಮಗ. ಹೋಂಸ್ಟೇಗೆ ಬಂದವರನ್ನು ಗುಡ್ಡದ ತುದಿಗೆ ಕರೆದೊಯ್ಯುವುದೇ ಅವನ ದುಡಿಮೆ.

ಸೌಜನ್ಯ ಗುಡ್ಡದ ಬುಡದಲ್ಲೇ ಜೀಪು ನಿಲ್ಲಿಸಿ ಎಲ್ಲರನ್ನೂ ನಡೆಸಿದಳು. ಹುಲ್ಲಿನ ಮೇಲೆ ಜೀಪಿನ ಜಾಡು ಒಂದೆರಡಲ್ಲ. ಒಂದು ಕೆಸರಾದರೆ ಪಕ್ಕದಲ್ಲೇ ಇನ್ನೊಂದು. ಹಳೆಯ ಜಾಡುಗಳು ಮೊಣಕಾಲುದ್ದ ಕೊರೆದು ತೋಡಾಗಿದ್ದವು. ಅಲ್ಲಿಂದ ಕೆಂಪು ಮಣ್ಣು ಸೀದಾ ಅಬ್ಬಿಗೆ ಇಳಿದಿತ್ತು.

“ಇದಕ್ಕೇ ನಾನೊಂದು ಪ್ಲಾನ್ ಮಾಡಿದೀನಿ,” ಎಂದರು ಏಕಾಂತಪ್ಪ. “ಅಕೇಶಿಯಾ ಸಸಿ ತರಿಸ್ತೀನಿ. ಬಂದ ಟೂರಿಸ್ಟ್ ಕೈಲೇ ನೆಡಿಸೋದು. ಬೋಳುಗುಡ್ಡ ಕಾಡಾಗ್ತದೆ, ನಮಗೂ ಹೆಸರು ಬರ್ತದೆ.”

“ಮಾವ, ಅದೊಂದು ಮಾತ್ರ ಮಾಡ್ಬೇಡಿ.”

“ಮರ ನೆಡ್ಬೇಡಿ ಅನ್ನೋ ಬಾಟನಿ ಮೇಡಮ್ಮನ್ನ ಇವತ್ತೇ ನೋಡಿದ್ದು ಮಾರಾಯ್ತಿ!”

ಅರುಣನೂ ನಕ್ಕ. “ಬರೀ ಹುಲ್ಲಲ್ವಾ ಅಕ್ಕ? ಜೀಪು ಹೋದ್ರೂ ಮತ್ತೆ ಬೆಳೀತದೆ.”

ಸೌಜನ್ಯ ವಾದಕ್ಕೆ ನಿಲ್ಲಲಿಲ್ಲ. ಅರುಣನ ನೀರಿನ ಬಾಟಲಿ ಇಸಕೊಂಡು ಅರ್ಧ ನೀರನ್ನು ಜಾಡಿನ ಮೇಲೆ ಸುರಿದಳು. ನೀರು ಇಂಗಲೇ ಇಲ್ಲ, ಕೆಂಪಗಾಗಿ ಕೆಳಗೆ ಓಡಿತು. ಉಳಿದದ್ದನ್ನು ಹುಲ್ಲಿನ ಬುಡಕ್ಕೆ ಸುರಿದಳು.

“ಎಲ್ಲಿ ಹೋಯ್ತು ಹೇಳು ನೋಡೋಣ?”

ಅರುಣ ಬಗ್ಗಿ ಹುಲ್ಲು ಸರಿಸಿದ. ನೀರು ಕಾಣಲಿಲ್ಲ.

“ಮೇಲೆ ಕಾಣೋದು ಹುಲ್ಲು. ಕೆಳಗೆ ಬೇರು ಒತ್ತಾಗಿ ಹೆಣೆದುಕೊಂಡಿದೆ. ಮಳೆ ನೀರು ಹಿಡ್ಕೊಂಡು ಬೇಸಿಗೆಗೆ ನಿಧಾನ ಬಿಡ್ತದೆ. ಅಕೇಶಿಯಾ ನೆಟ್ರೆ ನೆರಳಿಗೆ ಹುಲ್ಲೂ ಹೋಗ್ತದೆ, ಮರ ಕುಡಿದು ನೀರೂ ಹೋಗ್ತದೆ. ಇದು ಬೋಳಲ್ಲ ಮಾವ, ಈ ಗುಡ್ಡದ ಕಾಡೇ ಇಷ್ಟೆತ್ತರ.”

ಅರುಣನ ಮುಖ ಸಣ್ಣದಾಯಿತು. “ಹಾಗಾದ್ರೆ ನನ್ನ ಹೊಟ್ಟೆಪಾಡು?”

ಪ್ರೇಮಕುಮಾರಿ ಹೇಳಿದರು: “ಜೀಪು ಯಾರು ಬೇಕಾದ್ರೂ ಓಡಿಸ್ತಾರೆ. ಇಲ್ಲಿ ಯಾವ ಹೂವು ಯಾವಾಗ ಬಿಡ್ತದೆ, ಕಾಟಿ ಹಿಂಡು ಎಲ್ಲಿ ಮೇಯ್ತದೆ, ನಿನ್ನಷ್ಟು ಯಾರಿಗೆ ಗೊತ್ತು? ಬುಡದ ತನಕ ಜೀಪು, ಅಲ್ಲಿಂದ ನಡಿಗೆ. ಎರಡಕ್ಕೂ ದುಡ್ಡು ತಗೋ.”

“ನಡೀಲಿಕ್ಕೆ ಯಾರು ಬರ್ತಾರಮ್ಮ?”

ಏಕಾಂತಪ್ಪನವರು ಜಾಡಿನೊಳಗೆ ಕಾಲಿಟ್ಟು ಅದರ ಆಳ ನೋಡಿದರು. “ಬರದವರು ಬೇಡ ಬಿಡೋ. ನೀರು ಹೋದ್ಮೇಲೆ ಬಂದವರಿಗೆ ಏನ್ ಕೊಡೋಣ?” ಎಂದರು.

ಪಂಚಾಯ್ತಿಯಲ್ಲಿ ಮಾತಾಡಿ ಬುಡದಲ್ಲೇ ಗೇಟು ಹಾಕಿಸಿದೆವು. ಬೇರೆ ಹೋಂಸ್ಟೇಯವರು ಗೊಣಗಿದರು. ಮೊದಲ ವರ್ಷ ಕೆಲವರು ಬುಕಿಂಗ್ ಬಿಟ್ಟದ್ದೂ ನಿಜ. ಊರವರೆಲ್ಲ ಸೇರಿ ಜಾಡುಗಳಿಗೆ ಕಲ್ಲು, ಒಣಗಿದ ಕೊಂಬೆ ಅಡ್ಡ ಇಟ್ಟು ಮಣ್ಣು ತಡೆದೆವು. ನಾನೂ ಕಲ್ಲು ಹೊತ್ತೆ, ಸೊಂಟ ಇನ್ನೂ ನೆನಪಿಸುತ್ತದೆ! ಅತಿಥಿಗಳೂ ಹತ್ತುವಾಗ ಒಂದೊಂದು ಕಲ್ಲು ತರತೊಡಗಿದರು. ಸಸಿ ನೆಡುವ ಆಸೆಯಿದ್ದವರಿಗೆ ಏಕಾಂತಪ್ಪನವರು ಕೆಳಗೆ ಹಳ್ಳದ ಅಂಚಿನಲ್ಲಿ ನೇರಳೆ ಗಿಡ ನೆಡಿಸಿದರು.

ಎರಡು ಮಳೆಗಾಲ ಕಳೆಯಿತು. ಎಲ್ಲ ಜಾಡು ಮುಚ್ಚಿಲ್ಲ, ಆದರೆ ಅಂಚಿನಿಂದ ಹುಲ್ಲು ಒಳಗೆ ಬರುತ್ತಿದೆ. ಈ ಸಲದ ಮಳೆಯಲ್ಲಿ ನಲ್ಲಿಗೆ ತಿಳಿನೀರು ಬಂತು. ಅರುಣನ ನಡಿಗೆಗೆ ಶನಿವಾರ, ಭಾನುವಾರ ಮೊದಲೇ ಹೇಳಿಡಬೇಕು.

ಮೊನ್ನೆ ದೊಡ್ಡ ಗಾಡಿಯಲ್ಲಿ ಬಂದ ಗುಂಪೊಂದು ಗೇಟು ತೆಗೆಯಲು ಹಟ ಹಿಡಿಯಿತು. ಅರುಣ ದನಿ ಎತ್ತಲಿಲ್ಲ. “ಸರ್, ಇದು ನಮ್ಮೂರಿನ ನೀರಿನ ಟ್ಯಾಂಕು. ನಿಮ್ಮನೆ ಟ್ಯಾಂಕಿನ ಮೇಲೆ ಯಾರಾದ್ರೂ ಗಾಡಿ ಹತ್ತಿಸಿದ್ರೆ ಸುಮ್ನಿರ್ತೀರಾ? ಇಳೀರಿ, ನಾನೇ ನಡೆಸ್ಕೊಂಡು ಹೋಗ್ತೀನಿ.” ಅವರು ಇಳಿದರು. ಪಕ್ಕದಲ್ಲಿದ್ದ ನಾನು ಅವರ ಕೈಗೂ ಒಂದೊಂದು ಕಲ್ಲು ಕೊಟ್ಟೆ.

ಹೋಂಸ್ಟೇ ನಡೆಸುವವರೇ, ಜೀಪು ಓಡಿಸುವವರೇ, ನಿಮ್ಮ ಗುಡ್ಡದ ಬುಡದಲ್ಲೂ ಗಾಡಿ ನಿಲ್ಲಲಿ. ಹುಲ್ಲುಗುಡ್ಡಕ್ಕೆ ಸಸಿ ಒಯ್ಯುವ ಮೊದಲು ತಿಳಿದವರನ್ನು ಕೇಳಿ. ಗುಡ್ಡ ನೋಡಲು ಬರುವವರೇ, ಬನ್ನಿ, ಆದರೆ ನಡೆದು ಬನ್ನಿ. ಬಂದವರು ಹಿಂದಿರುಗುವಾಗ ಊರು ಮೊದಲಿಗಿಂತ ಚೆನ್ನಾಗಿರಬೇಕು. ನಮ್ಮ ಕೈಲಿ ಆಗಿದೆ, ನಿಮ್ಮ ಕೈಲೂ ಆಗುತ್ತದೆ.