ಕರೆಂಟಿಲ್ಲದ ಫ್ರಿಜ್

ಸುಗುಣಕ್ಕನ ಫ್ರಿಜ್ ನಿಂತಿರಲಿಲ್ಲ, ಮಲಗಿತ್ತು. ಗುಜರಿಯಿಂದ ತಂದದ್ದು. ಮೋಟಾರು ತೆಗೆದು, ಅಂಗಾತ ಮಲಗಿಸಿ, ಬಾಗಿಲನ್ನೇ ಮುಚ್ಚಳ ಮಾಡಿಕೊಂಡು ಅದರೊಳಗೆ ಐಸು, ಬಂಗುಡೆ ತುಂಬಿಸಿಡುತ್ತಿದ್ದರು. ನಮ್ಮ ಕಡಲತಡಿಯ ಊರು ಕೋಡಿಯಲ್ಲಿ ಮೀನು ಮಾರುವ ಹೆಂಗಸರು ಹಲವರು ಹೀಗೇ ಮಾಡಿಕೊಂಡಿದ್ದರು.

"ಕಾಣಿ ಟೀಚ್ರೆ, ನಮ್ ಫ್ರಿಜ್ಜಿಗೆ ಕರೆಂಟ್ ಬಿಲ್ಲೇ ಬತ್ತಿಲ್ಲೆ!" ಎಂದು ನಕ್ಕರು.

ನಾನು ಟೀಚರಲ್ಲ. ಬಿ.ಕಾಂ. ಮುಗಿಸಿ, ಬಡವರ ಸರ್ವೆಗೆ ದಿನಗೂಲಿಯ ಮೇಲೆ ಸೇರಿದವಳು. ಅಷ್ಟನ್ನು ಹೇಳುವುದಕ್ಕೂ ನನಗೆ ನಾಚಿಕೆ.

ಕೈಯಲ್ಲಿದ್ದ ಟ್ಯಾಬ್ಲೆಟ್ ಕೇಳುತ್ತಿತ್ತು: ಫ್ರಿಜ್ ಇದೆಯೇ? ಹೌದು, ಇಲ್ಲ. ಅಂಗಳದಲ್ಲಿ ಕಾಯುತ್ತಿದ್ದ ಮೇಲ್ವಿಚಾರಕ ಪ್ರೇಮಾನಂದ ಸರ್ ಅವರನ್ನು ಕೇಳಿದೆ.

"ಕಣ್ಣಿಗ್ ಕಾಣತ್ತಲೆ? ಹಾಂಗಾರೆ ಹೌದ್. ಎಲ್ರನ್ನೂ ಬಡವ್ರ್ ಅಂದ್ ಬರೆಯುಕೆ ಇದೆಂತ ರಾಯಚೂರಾ?"

ಅದು ಬರೀ ಡಬ್ಬವೆಂದು ನನಗೆ ಗೊತ್ತಿತ್ತು. 'ಹೌದು' ಒತ್ತಿದೆ. ಸುಗುಣಕ್ಕ ಬೆಲ್ಲ ನೀರು ಕೊಟ್ಟರು. ಕುಡಿದು ಬಂದೆ.

ಅವರ ಗಂಡ ದೋಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡವರು. ಮನೆ ನಡೆಯುತ್ತಿದ್ದದ್ದು ಇವರ ಬುಟ್ಟಿಯಿಂದ ಮತ್ತು ರೇಷನ್ ಕಾರ್ಡಿನ ಅಕ್ಕಿಯಿಂದ. ಮರುವರ್ಷ ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಿದ ಬಡವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಫ್ರಿಜ್ ಇದ್ದವರು ತಾವಾಗಿಯೇ ಹೊರಗೆ.

ಹನ್ನೊಂದು ದಿನ ಡೈರಿಯಲ್ಲಿ ಇದನ್ನೇ ಬರೆದೆ, ಅವರ ಮನೆಗೆ ಮಾತ್ರ ಹೋಗಲಿಲ್ಲ. ಆಕ್ಷೇಪಣೆ ಕೊಡಲು ಕೊನೆಯ ದಿನ ಅವರ ಹೆಸರಲ್ಲಿ ಅರ್ಜಿ ಬರೆದುಕೊಂಡು ಅವರಲ್ಲಿಗೆ ಹೋದೆ. ತಪ್ಪು ನನ್ನದು ಎಂದೆ, ನೆಲ ನೋಡುತ್ತ.

"ಎಂತ ಹೆಣ್ಣೇ, ಬಾಗ್ಲ್ ತೆಗ್ದ್ ಮೀನ್ ತೋರ್ಸಿದ್ದೆ ಅಲ್ದಾ? ನಿನ್ ಕಣ್ ಎಲ್ಲಿದ್ದಿತ್?" ತಲೆಗೆ ಏರಿಸಿದ್ದ ಬುಟ್ಟಿಯನ್ನು ಕೆಳಗಿಳಿಸಿದರು. "ನಡಿ. ಇವತ್ತಿನ ಮೀನ್ ಹಾಳಾರೂ ಅಡ್ಡಿಲ್ಲೆ. ಅಲ್ಲ್ ನೀನೇ ಹೇಳ್ಕ್."

"ಹೇಳ್ತೆ."

ಕಚೇರಿಯಲ್ಲಿ ಗುಮಾಸ್ತ ಭೋಜರಾಜ ಅರ್ಜಿ ಓದಿ ತಲೆಯೆತ್ತಿದರು. "ಫ್ರಿಜ್ ಇತ್ತ್ ಅಂದ್ ಬರ್ದದ್ ಯಾರ್?"

ಪಕ್ಕದ ಕುರ್ಚಿಯಲ್ಲಿ ಪ್ರೇಮಾನಂದ ಸರ್ ಕೂತಿದ್ದರು. ಮುಂದಿನ ಸರ್ವೆಗೂ ನನ್ನ ಹೆಸರು ಕೊಡುವುದಾಗಿ ಹೇಳಿದ್ದವರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸುಗುಣಕ್ಕ ಒಮ್ಮೆ ನನ್ನ ಮುಖ ನೋಡಿದರು.

"ನಾನೇ ಬರ್ಸದ್. ನಂಗ್ ಗೊತ್ತಾಯ್ಲಿಲ್ಲೆ."

"ನೀವೇ ಬರ್ಸಿರೆ ಮತ್ ಆಕ್ಷೇಪಣೆ ಎಂತದಮ್ಮ? ತಕಂಡ್ ಹೋಯ್ನಿ."

ಮೆಟ್ಟಿಲಿಳಿಯುವಾಗ ಸುಗುಣಕ್ಕನೇ ನನಗೆ ಸಮಾಧಾನ ಹೇಳಿದರು. "ನೀ ಹಿಂದ್ ಸರ್ದದ್ ಕಂಡೆ. ಕೆಲ್ಸ ಹೋರೆ ಮತ್ತೆ ಸಿಕ್ಕತ್ತಾ? ಬಿಡ್." ಅರ್ಜಿಯನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವರು ಬೈದಿದ್ದರೆ ನಾನು ಸುಮ್ಮನೆ ಮನೆಗೆ ಹೋಗುತ್ತಿದ್ದೆನೇನೋ. ಕೈ ಚಾಚಿ ಆ ಕಾಗದ ಕೇಳಿದೆ. ಒಳಗೆ ಹೋದಾಗ ಭೋಜರಾಜ ಊಟಕ್ಕೆ ಏಳುತ್ತಿದ್ದರು.

"ಬರೆದದ್ದು ನಾನು" ಎಂದೆ.

ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಪ್ರೇಮಾನಂದ ಸರ್‌ಗೂ ಕೇಳಿಸುವಷ್ಟು ಜೋರಾಗಿ ಹೇಳಬೇಕಾಯಿತು.