ಮೇದಪ್ಪನ ಕುಶಾಲು

ಡೊಂಬಯ್ಯ ಅಂಗಳದ ತುದಿಯಲ್ಲಿ ನಿಂತು ಇನ್ನೊಮ್ಮೆ ಕೋವಿಯ ಕುದುರೆ ಎಳೆದ. ಟಕ್ಕೆಂದು ಸುಮ್ಮನಾಯಿತು. ಸಾವಿನ ಮನೆಯಿಂದ ಈಡು ಕೇಳದಿದ್ದರೆ ಗುತ್ತಿಗಾರಿನವರಿಗೆ ಸುದ್ದಿ ಮುಟ್ಟುವುದು ಹೇಗೆ?

"ಮದ್ದು ಚಂಡಿ ಆಗಿದೆ, ಮಾರಾಯ್ರೆ. ಒಣಗಿಸ್ಬೇಕು."

"ಮೇದಪ್ಪ ಸತ್ತದ್ದನ್ನು ಕೋವಿಯೂ ನಂಬುದಿಲ್ಲ. ಇದೂ ಅವನ ಕುಶಾಲು ಅಂತ ಎಣಿಸಿದೆ," ಎಂದ ಸತ್ತವನ ಗೆಳೆಯ ಬೆಳ್ಯಪ್ಪ, ಎಂದಿನಂತೆ ಗಂಟಲೊಳಗೇ. ಯಾರಿಗೂ ಕೇಳಲಿಲ್ಲ.

ಜಗಲಿಯಲ್ಲಿ ಕುಳಿತವರು ಸತ್ತವನ ತಮಾಷೆಯ ಮಾತುಗಳನ್ನು ನೆನೆದು ಅಳುತ್ತಲೇ ನಗುತ್ತಿದ್ದರು.

"ಸುಳ್ಯದ ಮದುವೆಯ ಪಾಯಸ ನೆನಪುಂಟಾ? ಕಡ್ಲೆಬೇಳೆ ಸಿಕ್ಕಬೇಕಾದ್ರೆ ಈಜು ಬರಬೇಕು ಅಂದಿದ್ದ!"

ಬೆಳ್ಯಪ್ಪನ ಹೊಟ್ಟೆ ಉರಿಯಿತು.

\*

ಐವತ್ತನಾಲ್ಕನೇ ಇಸವಿಯ ಆ ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಪಾಯಸದ ಮಾತು ಹೊಳೆದದ್ದು ಬೆಳ್ಯಪ್ಪನಿಗೆ. ನಾಲ್ಕು ಜನರೆದುರು ಬಾಯಿ ತೆರೆದರೆ ನಾಲಗೆ ಒಣಗುವ ಪ್ರಾಣಿ, ಗೆಳೆಯನ ಕಿವಿಯಲ್ಲಿ ಹೇಳಿದ. ಮೇದಪ್ಪ ಅದನ್ನು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದ. ಬಡಿಸುವವರೂ ನಕ್ಕರು. ಬೆಳ್ಯಪ್ಪನ ಹೆಂಡತಿ ಶೀಲಾವತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

"ಮೇದಪ್ಪಣ್ಣನ ಹಾಗೆ ನೀವೂ ಒಂದು ಕುಶಾಲು ಮಾತಾಡಬಾರದಾ?" ಎಂದಳು ದಾರಿಯಲ್ಲಿ.

ಅವತ್ತಿನಿಂದ ಬೆಳ್ಯಪ್ಪ ಗೆಳೆಯನನ್ನು ಕಂಡು ಕರುಬಿದ. ಆದರೂ ಹೊಸತೊಂದು ಹೊಳೆದಾಗ ಹೋಗಿ ಕೂರುತ್ತಿದ್ದುದು ಅವನ ಪಕ್ಕದಲ್ಲೇ. ಅವಳನ್ನು ನಗಿಸಲು ಬೇರೆ ದಾರಿ ಗೊತ್ತಿರಲಿಲ್ಲ.

\*

"ಈ ಕುಶಾಲು ಅಂಬುದು ನಮ್ಮ ಮಾತಾ, ತುಳುವಾ?" ಎಂದು ಯಾರೋ ಕೇಳಿದರು.

"ಎರಡೂ ಅಲ್ಲ," ಎಂದ ಒಣಮೀನು ವ್ಯಾಪಾರದ ಮೂಸಕುಂಞಿ. "ಪಾರ್ಸಿಯದ್ದಂತೆ. ಖುಷ್ ಹಾಲ್, ಅಂದ್ರೆ ಸುಖದಲ್ಲಿ ಇರುದು. ನಮ್ಮ ಉಸ್ತಾದರು ಹೇಳಿದ್ದು."

"ಅಷ್ಟು ದೂರದ್ದಾ! ನಮ್ಮದೇ ಅಂತ ಎಣಿಸಿದ್ದೆ."

"ಎಲ್ಲಿಂದ ಬಂದ್ರೆ ಎಂತ? ಆಡಿದವರದ್ದು."

"ಅಲ್ಲ!" ಬೆಳ್ಯಪ್ಪ ಎದ್ದು ನಿಂತಿದ್ದ. ಎಲ್ಲರೂ ತಿರುಗಿದರು, ಶೀಲಾವತಿಯೂ. ಪಾಯಸದ ಮಾತು ನನ್ನದು ಎಂದರೆ ಸಾಕಿತ್ತು. ನಾಲಗೆ ಒಣಗಿತು.

"ನೀರು ಬಿಡುವ ಹೊತ್ತಾಯ್ತು," ಎಂದ.

ತನ್ನ ಸರದಿ ಬಂದಾಗ ತುಳಸಿಯೆಲೆಯಿಂದ ಮೇದಪ್ಪನ ಬಾಯಿಗೆ ನೀರು ಬಿಟ್ಟ. ಬಿಟ್ಟವನು ಏಳಲಿಲ್ಲ. ಇನ್ನಷ್ಟು ಬಗ್ಗಿ, ಯಾರಿಗೂ ಕೇಳದೆ ಹೋದ ಆ ಕೋವಿಯ ಮಾತನ್ನು ಅವನ ಕಿವಿಯಲ್ಲಿ ಹೇಳಿದ. ಹೇಳಿ ಮುಗಿಸುವಾಗ ಅಂಗಳದಲ್ಲಿ ಈಡು ಹಾರಿತು.

ಬೆಳ್ಯಪ್ಪ ರೂಢಿಯಂತೆ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಶೀಲಾವತಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.